ಫ್ರೆಡರಿಕ್ಸ್‌ಬೋರ್ಗ್ ಚಾಪೆಲ್‌ನ ಮರದ ಆರ್ಗನ್: ಹತ್ತಿರ ಕೂತು ಕೇಳಬೇಕಾದ ವಾದ್ಯ

ಎದೆ ನಡುಗಿಸುವ ಸದ್ದು ಬಯಸಿ ಡೆನ್ಮಾರ್ಕಿನ ಹಿಲ್ಲೆರೋಡ್‌ಗೆ ಹೋದವರಿಗೆ ನಿರಾಸೆಯಾದೀತು. ಅಲ್ಲಿನ ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಚಾಪೆಲ್‌ನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ಇರುವ ಕೊಂಪೇನಿಯಸ್ ಆರ್ಗನ್ (ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಮಣೆವಾದ್ಯ) ಹುಟ್ಟಿದ್ದು ಪ್ರಾರ್ಥನೆಗಲ್ಲ, ಅರಮನೆಯ ಕುಣಿತ, ಔತಣಗಳಿಗೆ. ಎಸಾಯಸ್ ಕೊಂಪೇನಿಯಸ್ ಇದನ್ನು 1610ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ದೊರೆ ಹೈನ್ರಿಶ್ ಯೂಲಿಯಸ್‌ಗಾಗಿ ಕಟ್ಟಿ ಮುಗಿಸಿದ. ದೊರೆ ತೀರಿಕೊಂಡ ಮೇಲೆ ರಾಣಿ ಎಲಿಸಬೆತ್ ಅದನ್ನು ತನ್ನ ತಮ್ಮ, ಡೆನ್ಮಾರ್ಕಿನ ನಾಲ್ಕನೇ ಕ್ರಿಶ್ಚಿಯನ್‌ಗೆ ಕೊಟ್ಟಳು. 1617ರಲ್ಲಿ ಕೊಂಪೇನಿಯಸ್ ತಾನೇ ಬಂದು ಜೋಡಿಸಿದ. ಅದೇ ವರ್ಷ ಅಲ್ಲೇ ತೀರಿಕೊಂಡ.

27 ಸ್ಟಾಪ್‌ಗಳು (ಒಂದೊಂದು ಬಗೆಯ ನಾದದ ಕೊಳವೆಸಾಲುಗಳು), 1001 ಕೊಳವೆಗಳು, ಎಲ್ಲವೂ ಮರದವು. ಎದುರಿನ ಸಾಲಿಗೆ ದಂತದ ಹೊದಿಕೆ. ಕೈಯಿಂದ ನುಡಿಸುವ ಎರಡು ಕೈಮಣೆಗಳಿಗೂ ಪಾದದಿಂದ ನುಡಿಸುವ ಕಾಲುಮಣೆಗೂ ತಲಾ ಒಂಬತ್ತು ಸ್ಟಾಪ್. ಪೆಟ್ಟಿಗೆ ಚಿಕ್ಕದಾದರೂ ಮಂದ್ರ ಆಳವಾಗಿದೆ. ತುದಿ ಮುಚ್ಚಿದ ಕೊಳವೆ ಅದೇ ಉದ್ದದ ತೆರೆದ ಕೊಳವೆಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಹಾಗಾಗಿ 16 ಅಡಿಯ ತೆರೆದ ಕೊಳವೆಯ ಸ್ವರಕ್ಕೆ ಸುಮಾರು 8 ಅಡಿಯ ಮರ ಸಾಕು. ಗಾಳಿಗೆ ಅದುರುವ ಹಿತ್ತಾಳೆ ನಾಲಿಗೆಯ ರಾಂಕೆಟ್, ಕ್ರುಮ್‌ಹಾರ್ನ್ ಎಂಬ ಸ್ಟಾಪ್‌ಗಳು ಗೊರಗೊರನೆ ನುಡಿಯುತ್ತವೆ. ಚೀಲವಾದ್ಯವನ್ನು (ಬ್ಯಾಗ್‌ಪೈಪ್) ಅನುಕರಿಸುವ ಶ್ರುತಿಯೂ ಉಂಟು, ನಮ್ಮ ನಾಗಸ್ವರದ ಒತ್ತಿನ ಹಾಗೆ.

ಇದರ ಶ್ರುತಿವ್ಯವಸ್ಥೆಯೇ ಇಲ್ಲಿಗೆ ಹೋಗಲು ಸಾಕಷ್ಟು ಕಾರಣ. ಹಾರ್ಮೋನಿಯಂನ ಅಂತರ ಗಾಂಧಾರ ಶುದ್ಧ 5:4 ಅನುಪಾತಕ್ಕಿಂತ ಸುಮಾರು 14 ಸೆಂಟ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿರುತ್ತದೆ. ಇಲ್ಲಿನ ಮೀನ್‌ಟೋನ್ ಎಂಬ ಹಳೆಯ ಶ್ರುತಿಕ್ರಮದಲ್ಲಿ ಬಳಕೆಯ ಗಾಂಧಾರಗಳು ಶುದ್ಧವಾಗಿಯೇ ನಿಲ್ಲುತ್ತವೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ನೆಮ್ಮದಿ ಕೂಡಲೇ ತಿಳಿಯುತ್ತದೆ. ಅದಕ್ಕೆ ತೆರುವ ಬೆಲೆ ಪಂಚಮದ್ದು: ಹನ್ನೊಂದು ಪಂಚಮಗಳು ತುಸು ಇಳಿದಿವೆ, ಉಳಿದ ಒಂದಂತೂ ತೀರಾ ಏರಿ ಕೇಳಲಾಗದಷ್ಟು ಊಳಿಡುತ್ತದೆ. ಆದ್ದರಿಂದ ಎಲ್ಲ ಆಧಾರ ಷಡ್ಜಗಳಿಗೂ ಅಲೆಯುವ ಮುಂದಿನ ಕಾಲದ ಕೃತಿಗಳು ಇದಕ್ಕೆ ಒಗ್ಗವು. 1600ರ ಆಸುಪಾಸಿನ ಕುಣಿತದ ಧಾಟಿಗಳಿಗೆ ಇದಕ್ಕಿಂತ ಒಳ್ಳೆಯ ವಾದ್ಯ ಸಿಗುವುದು ಕಷ್ಟ.

ಮರ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರುಕಿನಿಂದ ಗಾಳಿ ಸೋರಿದರೆ ಸ್ವರ ತೊದಲುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಳಲಿನ ಬಗೆಯ ಕೊಳವೆಗಳು ಸುಮಾರು 3 ಸೆಂಟ್ ಏರುತ್ತವೆ. ನಾಲಿಗೆಯವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ, ಅದಕ್ಕೇ ಉಳಿದವಕ್ಕೆ ಹೊಂದುವಂತೆ ಅವನ್ನು ಪದೇಪದೇ ಶ್ರುತಿ ಮಾಡಬೇಕು. 1895ರಲ್ಲಿ ಒಮ್ಮೆ, 1980ರ ದಶಕದಲ್ಲಿ ಮತ್ತೊಮ್ಮೆ ದೊಡ್ಡ ದುರಸ್ತಿಯಾಗಿದೆ.

ಗುರುವಾರ ಮಧ್ಯಾಹ್ನ ಇದನ್ನು ನುಡಿಸುವ ರೂಢಿಯಿದೆ. ಹೊರಡುವ ಮೊದಲು ವೇಳೆ ವಿಚಾರಿಸಿಕೊಳ್ಳಿ. ಆದಷ್ಟು ವಾದ್ಯದ ಹತ್ತಿರವೇ ಕೂರಿ: ಹಿಂಬದಿಯಲ್ಲಿ ಆಳೊಬ್ಬರು ನಾಲ್ಕು ತಿದಿಗಳನ್ನು ಒಂದೊಂದಾಗಿ ಎತ್ತಿಬಿಡುವಾಗ ಗಾಳಿ ಸಣ್ಣಗೆ ಏರಿಳಿಯುವುದು ದೂರಕ್ಕೆ ಕೇಳಿಸದು.