ಪಂಚ್-ಡ್ರಂಕ್ ಲವ್ ಮನೆಯಲ್ಲಿ ನೋಡಲು: ಸೂಪರ್‌ಬಿಟ್ ಡಿವಿಡಿಯೋ, ಕ್ರೈಟೀರಿಯನ್ ಬ್ಲೂ-ರೇಯೋ, ಸ್ಟ್ರೀಮಿಂಗೋ?

ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನದ ‘ಪಂಚ್-ಡ್ರಂಕ್ ಲವ್’ (2002) ಬರೀ 95 ನಿಮಿಷದ ಸಿನಿಮಾ. ಏಳು ಜನ ಅಕ್ಕತಂಗಿಯರ ನಡುವೆ ನಲುಗಿಹೋದ ಬ್ಯಾರಿ (ಆಡಮ್ ಸ್ಯಾಂಡ್ಲರ್), ಅವನನ್ನು ಹುಡುಕಿಕೊಂಡು ಬರುವ ಲೀನಾ (ಎಮಿಲಿ ವಾಟ್ಸನ್), ಬೀದಿಯಲ್ಲಿ ಯಾರೋ ಇಳಿಸಿಹೋದ ಒಂದು ಹಾರ್ಮೋನಿಯಂ, ರಾಶಿ ರಾಶಿ ಪುಡ್ಡಿಂಗ್. ಇದನ್ನು ಮನೆಯಲ್ಲಿ ನೋಡಲು ಇಲ್ಲಿ ಹೋಲಿಸಿರುವ ದಾರಿ ಮೂರು: 2003ರ ಎರಡು ಡಿಸ್ಕಿನ ಸೂಪರ್‌ಬಿಟ್ ಡಿವಿಡಿ, 2016ರ ನವೆಂಬರ್‌ನಲ್ಲಿ ಬಂದ ಕ್ರೈಟೀರಿಯನ್ ಕಂಪನಿಯ ಬ್ಲೂ-ರೇ (ಅವರ ಪಟ್ಟಿಯಲ್ಲಿ 843ನೆಯದು), ಮತ್ತು ಸ್ಟ್ರೀಮಿಂಗ್. 4ಕೆ ಮಾತು ಇಲ್ಲಿ ಬೇಡ. ಅದಕ್ಕೆ ಒಳ್ಳೆಯ ಎಚ್‌ಡಿಆರ್ (ಬೆಳಕು-ಕತ್ತಲಿನ ಹರವನ್ನು ಹೆಚ್ಚು ತೋರಿಸುವ) ಟಿವಿ ಬೇಕು, ಪ್ಲೇಯರೂ ಬೇರೆ. ಮೂರನ್ನೂ ಒಂದೇ ಟಿವಿ, ಒಂದೇ ರಿಸೀವರ್‌ಗೆ (ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆ) ಜೋಡಿಸಿ, ಅವೇ ದೃಶ್ಯಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದ ಮೇಲೆ ಬರೆದದ್ದು ಇದು.

ಮೊದಲು ಗೆರೆಗಳ ಲೆಕ್ಕ, ಅಂದರೆ ಚಿತ್ರ ಮೂಡುವ ಅಡ್ಡಸಾಲುಗಳ ಲೆಕ್ಕ. ಚಿತ್ರದ ಅಗಲ ಎತ್ತರದ 2.39 ಪಟ್ಟು. 16:9 ಟಿವಿಯಲ್ಲಿ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದೆ. ಹಾಗಾಗಿ ಅಮೆರಿಕದ ಡಿವಿಡಿಯ 480 ಗೆರೆಗಳಲ್ಲಿ ಚಿತ್ರಕ್ಕೆ ದಕ್ಕುವುದು ಸುಮಾರು 357, ಬ್ಲೂ-ರೇಯ 1080ರಲ್ಲಿ ಸುಮಾರು 803. ಇಷ್ಟು ಕೇಳಿದರೆ ತೀರ್ಪು ಆಗಿಹೋಯಿತು ಅನ್ನಿಸಬಹುದು. ಆದರೆ ಈ ಚಿತ್ರದ ಮಟ್ಟಿಗೆ ಚಿತ್ರ ಎಷ್ಟು ಸ್ಪಷ್ಟ ಅನ್ನುವುದು ಎರಡನೇ ಪ್ರಶ್ನೆ. ಬಣ್ಣ ಬಣ್ಣಕ್ಕೆ ಹೇಗೆ ಕರಗುತ್ತದೆ, ಕತ್ತಲಲ್ಲಿ ಏನು ಉಳಿಯುತ್ತದೆ, ಸದ್ದು ಎಲ್ಲಿಂದ ಬರುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಕಲಾವಿದ ಜೆರೆಮಿ ಬ್ಲೇಕ್ ಮಾಡಿದ ಬಣ್ಣದ ಚಿತ್ತಾರಗಳು ಕಥೆಯ ನಡುನಡುವೆ ಬರುತ್ತವೆ: ನೀಲಿ ಗುಲಾಬಿಗೆ, ಗುಲಾಬಿ ನೇರಳೆಗೆ ಮೆಲ್ಲಗೆ ಕರಗುತ್ತಾ ಹೋಗುತ್ತವೆ. ವಿಡಿಯೋ ಕಂಪ್ರೆಷನ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. 8 ಬಿಟ್ ವಿಡಿಯೋದಲ್ಲಿ ಒಂದೊಂದು ಮೂಲಬಣ್ಣಕ್ಕೆ ಹೆಚ್ಚೆಂದರೆ 256 ಮೆಟ್ಟಿಲು. ಆ ಮೆಟ್ಟಿಲುಗಳು ಕಣ್ಣಿಗೆ ಬೀಳದಂತೆ ಮುಚ್ಚುವುದು ಫಿಲ್ಮ್ ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಸಣ್ಣ ಕಣಗಳು. ಸ್ಟ್ರೀಮಿಂಗ್‌ನವರು ಡೇಟಾ ಉಳಿಸಲು ಮೊದಲು ಒರೆಸಿಹಾಕುವುದೇ ಈ ಗ್ರೇನನ್ನು. ಆಗ ಕರಗಬೇಕಾದ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆದು ನಿಲ್ಲುತ್ತದೆ. ಬ್ಲೂ-ರೇಯಲ್ಲಿ ಗ್ರೇನ್ ಇದ್ದ ಹಾಗೇ ಇದೆ, ಪಟ್ಟೆ ಹುಡುಕಿದರೆ ಮಾತ್ರ ಸಿಕ್ಕೀತು. ವಿಚಿತ್ರ ಅಂದರೆ, ಈ ಚಿತ್ತಾರಗಳಲ್ಲಿ ಹಳೆಯ ಡಿವಿಡಿ ಕಡಿಮೆ ಬಿಟ್‌ರೇಟಿನ (ಸೆಕೆಂಡಿಗೆ ಕಡಿಮೆ ಡೇಟಾ ಹರಿಸುವ) ಸ್ಟ್ರೀಮಿಂಗ್‌ಗಿಂತ ಮೇಲು. ಅಂಚುಗಳು ಮೆತ್ತಗಿವೆ, ಆದರೆ ಬಣ್ಣ ಒಡೆಯುವುದಿಲ್ಲ.

ಅದಕ್ಕೆ ಕಾರಣ ಸೂಪರ್‌ಬಿಟ್. ಕೊಲಂಬಿಯಾ ಟ್ರೈಸ್ಟಾರ್‌ನವರ ಈ ಸಾಲಿನ ಡಿಸ್ಕ್‌ಗಳಲ್ಲಿ ಚಿತ್ರದ ಡಿಸ್ಕಿನಿಂದ ಹೆಚ್ಚುವರಿ ವಿಡಿಯೋಗಳನ್ನೆಲ್ಲ ತೆಗೆದು, ಆ ಜಾಗವನ್ನೂ ಚಿತ್ರಕ್ಕೆ ಮತ್ತು ಡಿಟಿಎಸ್ (ಹಲವು ಸ್ಪೀಕರುಗಳ ಧ್ವನಿಯ ಒಂದು ಪದ್ಧತಿ) ಧ್ವನಿಗೆ ಕೊಡುತ್ತಿದ್ದರು. ಈ ಚಿತ್ರದ ವಿಷಯದಲ್ಲಿ ಲೆಕ್ಕ ಇನ್ನೂ ಅನುಕೂಲವಾಗಿ ಬರುತ್ತದೆ. ಡಿವಿಡಿಯಲ್ಲಿ ಚಿತ್ರ, ಧ್ವನಿ ಎಲ್ಲ ಸೇರಿ ಮಿತಿ ಸೆಕೆಂಡಿಗೆ ಸುಮಾರು 10 ಮೆಗಾಬಿಟ್. 95 ನಿಮಿಷವೂ ಆ ಮಿತಿಯಲ್ಲೇ ಓಡಿಸಿದರೂ 7.2 ಜಿಬಿ ದಾಟುವುದಿಲ್ಲ, ಎರಡು ಪದರದ ಡಿವಿಡಿಯಲ್ಲಿ ಇರುವುದು 8.5 ಜಿಬಿ. ಅಂದರೆ ಜಾಗಕ್ಕಾಗಿ ಎಲ್ಲೂ ಚೌಕಾಸಿ ಮಾಡಬೇಕಾಗಿಲ್ಲ. ಸೆಕೆಂಡಿಗೆ 5 ಮೆಗಾಬಿಟ್ ಸ್ಟ್ರೀಮಿಂಗ್ ಆದರೆ ಇಡೀ ಚಿತ್ರ 3.6 ಜಿಬಿಯೊಳಗೆ ಮುಗಿಯುತ್ತದೆ. ವಿಡಿಯೋವನ್ನು ಕುಗ್ಗಿಸುವ ಕೋಡೆಕ್ ಹೊಸದು, ಜಾಣತನ ಹೆಚ್ಚು, ನಿಜ. ಆದರೂ ಒರೆಸಿಹಾಕಿದ ಗ್ರೇನ್ ವಾಪಸ್ ಬರುವುದಿಲ್ಲ. (ದಿನಕ್ಕೆ 1.5 ಜಿಬಿ ಮೊಬೈಲ್ ಪ್ಯಾಕ್ ಇಟ್ಟುಕೊಂಡವರು ಪ್ಯಾಕ್ ಸಾಲದೆ ಅರ್ಧದಲ್ಲೇ ನಿಲ್ಲಿಸಬೇಕಾದೀತು.)

ಕತ್ತಲಿಗೆ ಎರಡು ದೃಶ್ಯ ಸಾಕು. ಮೊದಲನೆಯದು ಆರಂಭ: ಬ್ಯಾರಿ ನೀಲಿ ಸೂಟಿನಲ್ಲಿ ಗೋದಾಮಿನ ಮೂಲೆಯ ಮೇಜಿನ ಮುಂದೆ ಕೂತಿದ್ದಾನೆ, ಆಮೇಲೆ ಕತ್ತಲಿನಿಂದ ಎದ್ದು ಬೆಳಗಿನ ಬಿಸಿಲಿಗೆ ಬರುತ್ತಾನೆ. ಸ್ಟ್ರೀಮಿಂಗ್‌ನಲ್ಲಿ ಆ ಕತ್ತಲು ಚೌಕ ಚೌಕವಾಗಿ ಅಲುಗಾಡುತ್ತದೆ. ಡಿವಿಡಿಯಲ್ಲಿ ಸೂಟಿನ ಮಡಿಕೆಗಳೆಲ್ಲ ಒಂದೇ ನೀಲಿಯಾಗುತ್ತವೆ. ಬ್ಲೂ-ರೇಯಲ್ಲಿ ಮಾತ್ರ ಬಟ್ಟೆ ಬಟ್ಟೆಯಂತೆ ಕಾಣುತ್ತದೆ. ಎರಡನೆಯದು ಹವಾಯಿಯಲ್ಲಿ ಇಬ್ಬರೂ ನೆರಳಾಗಿ ಅಪ್ಪಿಕೊಳ್ಳುವ ದೃಶ್ಯ. ಇಲ್ಲಿ ತಪ್ಪು ಹೆಚ್ಚಾಗಿ ಡಿಸ್ಕಿನದಲ್ಲ, ಟಿವಿಯದು. ‘ಡೈನಾಮಿಕ್ ಕಾಂಟ್ರಾಸ್ಟ್’ ಆನ್ ಇದ್ದರೆ ನೆರಳು ಬೂದುಬಣ್ಣಕ್ಕೆ ತಿರುಗಬಹುದು. ಅದನ್ನು ಆಫ್ ಮಾಡಿ, ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಳಿಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ. ಅಂದಹಾಗೆ, ಪರದೆಯ ಉದ್ದಕ್ಕೂ ಅಡ್ಡಡ್ಡ ಚಿಮ್ಮುವ ನೀಲಿ ಬೆಳಕಿನ ಗೆರೆ ಡಿಸ್ಕಿನ ದೋಷವಲ್ಲ. ಛಾಯಾಗ್ರಾಹಕ ರಾಬರ್ಟ್ ಎಲ್ಸ್‌ವಿಟ್ ಬಳಸಿದ ಅನಮಾರ್ಫಿಕ್ ಲೆನ್ಸಿನ (ಅಗಲದ ಚಿತ್ರವನ್ನು ಒತ್ತಿ ಫಿಲ್ಮಿನೊಳಗೆ ಕೂರಿಸುವ ಲೆನ್ಸ್) ಗುಣ ಅದು, ಬೇಕೆಂದೇ ಉಳಿಸಿದ್ದು.

ಸದ್ದಿನಲ್ಲಿ ಅಂತರ ಇನ್ನೂ ಹೆಚ್ಚು. ಜಾನ್ ಬ್ರಯಾನ್ ಅವರ ಸಂಗೀತ ಮಾತಿನ ಹಿಂದೆ ಅಡಗುವುದಿಲ್ಲ, ಮಾತಿನ ಮೇಲೇ ಬಂದು ಕೂರುತ್ತದೆ. ಗೋದಾಮಿನ ದೃಶ್ಯದಲ್ಲಿ ತಾಳದ ಬಡಿತ, ಮೇಲಿಂದ ಮೇಲೆ ಬರುವ ಫೋನ್, ಅಕ್ಕನ ಮಾತು ಒಂದರ ಮೇಲೊಂದು ಬೀಳುತ್ತವೆ. 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇವೆಲ್ಲ ಬೇರೆ ಬೇರೆ ದಿಕ್ಕಿನಿಂದ ಬರುವುದರಿಂದ ಗೊಂದಲ ಬ್ಯಾರಿಯದಾಗುತ್ತದೆ. ಟಿವಿಯ ಎರಡು ಸ್ಪೀಕರಿಗೆ ಎಲ್ಲವನ್ನೂ ತುರುಕಿದರೆ ಗೊಂದಲ ನಮ್ಮದಾಗುತ್ತದೆ. ಡಿವಿಡಿಯ ಡಿಟಿಎಸ್ ಇವತ್ತಿಗೂ ಚೆನ್ನಾಗಿದೆ. ಬ್ಲೂ-ರೇಯ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಲಾಸ್‌ಲೆಸ್ (ಮೂಲ ಧ್ವನಿಯಲ್ಲಿ ಏನೂ ಕಳೆಯದ್ದು), ಶುರುವಿನಲ್ಲೇ ಕಾರು ಉರುಳುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಆ ಸದ್ದು ನಿಜಕ್ಕೂ ಬೆಚ್ಚಿಬೀಳಿಸುವಂಥದ್ದು, ಮುಂಚಿನ ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿದ್ದರಂತೂ ಕೇಳುವುದೇ ಬೇಡ. ರಾತ್ರಿ ನೋಡುವವರು ರಿಸೀವರಿನ ನೈಟ್ ಮೋಡ್ (ಜೋರು ಸದ್ದನ್ನು ತಗ್ಗಿಸುವ ಸೆಟಿಂಗ್) ಹಾಕಿಕೊಳ್ಳಿ.

ಬ್ಲೂ-ರೇ ಹಾಕಿ ಚಿತ್ರ ಬಂದು ಸದ್ದೇ ಬಾರದಿದ್ದರೆ ಡಿಸ್ಕನ್ನು ಬೈಯಬೇಡಿ. ಇತ್ತೀಚಿನ ಹಲವು ಟಿವಿಗಳು ಡಿಟಿಎಸ್ ಬಿಡಿಸುವುದೇ ಇಲ್ಲ, ಸೌಂಡ್‌ಬಾರಿಗೆ ದಾಟಿಸುವುದೂ ಇಲ್ಲ. ಪ್ಲೇಯರಿನ ಆಡಿಯೋ ಸೆಟಿಂಗ್‌ನಲ್ಲಿ ‘ಬಿಟ್‌ಸ್ಟ್ರೀಮ್’ ಬದಲು ‘ಪಿಸಿಎಂ’ ಆರಿಸಿದರೆ ಡಿಟಿಎಸ್ ಬಿಡಿಸುವ ಕೆಲಸ ಪ್ಲೇಯರೇ ಮಾಡುತ್ತದೆ, ಸರಿಹೋಗುತ್ತದೆ. ಸೂಪರ್‌ಬಿಟ್ ಡಿವಿಡಿಯಲ್ಲಿ ಡಾಲ್ಬಿ ಟ್ರ್ಯಾಕೂ ಇರುವುದರಿಂದ ಈ ತಾಪತ್ರಯವಿಲ್ಲ.

ಇನ್ನು ಯುರೋಪಿನ ಪಾಲ್ (PAL, ಅಲ್ಲಿನ ಟಿವಿ ಪದ್ಧತಿ) ಡಿವಿಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿಗೆ ಒಂದು ಮಾತು. ಪಾಲ್‌ನಲ್ಲಿ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತದೆ, 95 ನಿಮಿಷದ ಚಿತ್ರ ಸುಮಾರು 91ಕ್ಕೆ ಮುಗಿಯುತ್ತದೆ. ಧ್ವನಿಯನ್ನು ಪ್ರತ್ಯೇಕವಾಗಿ ಸರಿಪಡಿಸಿರದಿದ್ದರೆ ಶ್ರುತಿಯೂ ಏರುತ್ತದೆ: ಹಾರ್ಮೋನಿಯಮ್ಮಿನಲ್ಲಿ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಇರುವ ಅಂತರದಲ್ಲಿ ಮುಕ್ಕಾಲಿಗೆ ತುಸು ಕಡಿಮೆ. ಬೇರೆ ಸಿನಿಮಾ ಆಗಿದ್ದರೆ ಸಹಿಸಬಹುದಿತ್ತು. ಹಾರ್ಮೋನಿಯಮ್ಮೇ ಪಾತ್ರವಾಗಿರುವ ಸಿನಿಮಾದಲ್ಲಿ ಸಹಿಸಲಾಗದು.

ಹೆಚ್ಚುವರಿ ಸಾಮಗ್ರಿಯಲ್ಲಿ ಸ್ಟ್ರೀಮಿಂಗ್ ಸ್ಪರ್ಧೆಗೇ ಬರುವುದಿಲ್ಲ. ‘ಬ್ಲಾಸಮ್ಸ್ ಅಂಡ್ ಬ್ಲಡ್’ ಎಂಬ ಕಿರುಚಿತ್ರ, ‘ಸ್ಕೋಪಿಟೋನ್’ ಎಂಬ ಹನ್ನೆರಡು ಪುಟ್ಟ ವಿಡಿಯೋ ತುಣುಕುಗಳು, ಕೈಬಿಟ್ಟ ದೃಶ್ಯಗಳು, ಹಾಸಿಗೆ ಅಂಗಡಿಯ ಹುಚ್ಚು ಜಾಹೀರಾತು ಡಿವಿಡಿ, ಬ್ಲೂ-ರೇ ಎರಡರಲ್ಲೂ ಇವೆ. ನಿರ್ದೇಶಕರ ಕಾಮೆಂಟರಿ ಎರಡರಲ್ಲೂ ಇಲ್ಲ. ಬ್ಲೂ-ರೇಯಲ್ಲಿ ಹೆಚ್ಚಾಗಿ ಸಿಗುವುದು ಬ್ರಯಾನ್ ಸಂದರ್ಶನ, ಬ್ಲೇಕ್ ಕಲೆಯ ಬಗ್ಗೆ ಇಬ್ಬರು ಕ್ಯುರೇಟರ್‌ಗಳ ಮಾತುಕತೆ, 2002ರ ಕಾನ್ ಚಿತ್ರೋತ್ಸವದ ಪತ್ರಿಕಾಗೋಷ್ಠಿ, ಲೇಖಕಿ-ನಿರ್ದೇಶಕಿ ಮಿರಾಂಡಾ ಜುಲೈ ಬರೆದ ಪ್ರಬಂಧ. ನನ್ನ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದದ್ದು 2000ದ ಟಿವಿ ಸಂದರ್ಶನ: 12,000ಕ್ಕೂ ಹೆಚ್ಚು ಪುಡ್ಡಿಂಗ್ ಕಪ್ ಕೊಂಡು 12 ಲಕ್ಷಕ್ಕೂ ಹೆಚ್ಚು ವಿಮಾನ ಮೈಲಿ ಗಿಟ್ಟಿಸಿದ ಕ್ಯಾಲಿಫೋರ್ನಿಯಾದ ಸಿವಿಲ್ ಎಂಜಿನಿಯರ್ ಅಲ್ಲಿದ್ದಾರೆ. ಬ್ಯಾರಿಯ ಪುಡ್ಡಿಂಗ್ ಹುಚ್ಚಿಗೆ ಮೂಲ ಅವರೇ.

ಬ್ಲೂ-ರೇಯೇ ನನ್ನ ಆಯ್ಕೆ. ಆದರೆ ಅಮೆರಿಕದಿಂದ ಬರುವ ನೆಂಟರಿಗೆ ಹೇಳಿ ತರಿಸುವ ಮುಂಚೆ ರೀಜನ್ (ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂಬ ಗುರುತು) ನೋಡಿಕೊಳ್ಳಿ. ಅಮೆರಿಕದ ಬ್ಲೂ-ರೇ ರೀಜನ್ ‘ಎ’, ಭಾರತ ‘ಸಿ’. ಡಿವಿಡಿಯಲ್ಲಿ ಅವರದು 1, ನಮ್ಮದು 5. ಇಲ್ಲಿ ಕೊಂಡ ಮಾಮೂಲಿ ಬ್ಲೂ-ರೇ ಪ್ಲೇಯರ್ ಆ ಡಿಸ್ಕನ್ನು ಓಡಿಸುವುದಿಲ್ಲ. ಡಿವಿಡಿ ಭಾಗಕ್ಕೆ ಕೆಲವು ಪ್ಲೇಯರುಗಳಲ್ಲಿ ರಿಮೋಟ್ ಕೋಡ್ ಒತ್ತಿ ರೀಜನ್ ಬದಲಿಸಬಹುದು, ಬ್ಲೂ-ರೇಗೆ ಅಷ್ಟು ಸುಲಭವಿಲ್ಲ, ರೀಜನ್-ಫ್ರೀ ಪ್ಲೇಯರ್ ಕೊಳ್ಳುವುದೇ ನೆಟ್ಟಗೆ. ಕಂಪ್ಯೂಟರಿನ ಡ್ರೈವ್‌ನಲ್ಲಿ ಡಿವಿಡಿ ರೀಜನ್ ಐದೇ ಸಲ ಬದಲಿಸಬಹುದು, ಐದನೆಯದು ಹಾಗೇ ಗಟ್ಟಿಯಾಗಿ ನಿಂತುಬಿಡುತ್ತದೆ. ಬ್ಲೂ-ರೇ ರೀಜನ್ ಪರೀಕ್ಷಿಸುವುದು ಡ್ರೈವ್ ಅಲ್ಲ, ಪ್ಲೇಯರ್ ಸಾಫ್ಟ್‌ವೇರ್. ಸೂಪರ್‌ಬಿಟ್ ಈಗ ಸಿಕ್ಕರೆ ಸೆಕೆಂಡ್‌ಹ್ಯಾಂಡೇ. ದುಡ್ಡು ಕೊಡುವ ಮೊದಲು ಪೆಟ್ಟಿಗೆ ತೆರೆದು ಎರಡನೇ ಡಿಸ್ಕ್ ಇದೆಯೇ ನೋಡಿ, ಹೆಚ್ಚುವರಿ ಸಾಮಗ್ರಿಯೆಲ್ಲ ಇರುವುದು ಅದರಲ್ಲೇ.