ಆಲ್ಟೋ 800ಕ್ಕೆ ಏರ್ ಫಿಲ್ಟರ್ ಅಪ್‌ಗ್ರೇಡ್: ಶಿರಸಿ-ಕುಮಟಾ ರಸ್ತೆಯಲ್ಲಿ ಮೂರು ವರ್ಷ

ನಮ್ಮನೆ ಶಿರಸಿಯಿಂದ ಒಳಗೆ, ಕೊನೆಯ ಎರಡು ಕಿಲೋಮೀಟರ್ ಕೆಮ್ಮಣ್ಣಿನ ರಸ್ತೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬರುವುದಿದೆ. ಕಾರು 796 ಸಿಸಿಯದು, ಮೂರು ಸಿಲಿಂಡರ್, 48 ಪಿಎಸ್ (ಅಶ್ವಶಕ್ತಿಯ ಲೆಕ್ಕ). ನಾಲ್ಕು ಜನ ಕೂತು ಎಸಿ ಹಾಕಿದರೆ ಘಟ್ಟದಲ್ಲಿ ಎರಡನೇ ಗೇರಿಗೆ ಇಳಿಸಲೇಬೇಕು. ಇಂಜಿನ್‌ಗೆ ಗಾಳಿ ಸಲೀಸಾಗಿ ಸಿಕ್ಕರೆ ಈ ಕಷ್ಟ ಕಡಿಮೆಯಾದೀತು ಎಂಬ ಆಸೆಯಿಂದ ಫಿಲ್ಟರ್ ಬದಲಿಸಲು ಹೊರಟೆ.

ಮೊದಲು ಹಾಕಿಸಿದ್ದು ಫಿಲ್ಟರ್ ಕೂರುವ ಡಬ್ಬಿ, ಅಂದರೆ ಏರ್ ಬಾಕ್ಸ್ ತೆಗೆದು ಬಾನೆಟ್ ಒಳಗೇ ತೆರೆದಿಡುವ ಕೋನ್ ಫಿಲ್ಟರ್. ಆಕ್ಸಿಲರೇಟರ್ ಒತ್ತಿದಾಗ ಬರುವ ಸದ್ದು ಚೆನ್ನಾಗಿತ್ತು. ಆದರೆ ನಿಧಾನಕ್ಕೆ ಘಟ್ಟ ಹತ್ತುವಾಗ ಬಾನೆಟ್ ಒಳಗಿನ ಗಾಳಿ ಕಾದಿರುತ್ತದೆ, ಕೋನ್ ಅದನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3 ಇಳಿಯುತ್ತದೆ. ಇಷ್ಟು ಚಿಕ್ಕ ಇಂಜಿನ್‌ನಲ್ಲಿ ಅದೂ ಕಾಲಿಗೆ ಗೊತ್ತಾಗುತ್ತದೆ. ಎರಡೇ ತಿಂಗಳಿಗೆ ತೆಗೆಸಿದೆ.

ಹಾಗಾದರೆ ಬಂಪರ್ ತಳದಿಂದ ತಂಪು ಗಾಳಿ ಎಳೆಯುವ ಪೈಪ್ ಹಾಕಿಸೋಣವೇ ಎಂದು ಕೇಳಿದ್ದಕ್ಕೆ ನಮ್ಮ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: "ಹೆಗ್ಡೇರೇ, ಮಳೆಗಾಲದಲ್ಲಿ ಕತಗಾಲದ ಹತ್ರ ಚಂಡಿಕಾ ಹೊಳೆ ರಸ್ತೆಗೆ ಬರ್ತದಲ್ಲ, ಆಗ ಏನು ಮಾಡ್ತೀರಿ?" ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಕರಾವಳಿಯ ಮಳೆ ಕಂಡವರು ಆ ಪೈಪಿನ ತಂಟೆಗೆ ಹೋಗಬೇಡಿ.

ಕೊನೆಗೆ ಕಂಪನಿಯ ಏರ್ ಬಾಕ್ಸನ್ನೇ ಕೂರಿಸಿ, ಅದರೊಳಗೆ ತೊಳೆದು ಬಳಸುವ ಕಾಟನ್ ಫಿಲ್ಟರ್ ಹಾಕಿದೆ. 41,000 ಕಿಲೋಮೀಟರ್ ಓಡಿಸಿದ ಮೇಲೆ ಹೇಳುತ್ತಿದ್ದೇನೆ: ಶಕ್ತಿ ಹೆಚ್ಚಿದ್ದು ನನಗೆ ಕಾಣಲಿಲ್ಲ. ಮೈಲೇಜ್ ಮೊದಲಿನಷ್ಟೇ. ಯಾಕೆಂದರೆ ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಗಾಳಿಯನ್ನು ತಡೆಯುವುದು ಥ್ರಾಟಲ್ ಒಳಗಿನ, ಆಕ್ಸಿಲರೇಟರ್ ಒತ್ತಿದಷ್ಟೇ ತೆರೆಯುವ ತಟ್ಟೆ, ಫಿಲ್ಟರ್ ಅಲ್ಲ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊಂದಿಸುತ್ತದೆ.

ತೊಳೆಯುವುದಕ್ಕೂ ತಾಳ್ಮೆ ಬೇಕು. ಕ್ಲೀನರ್ ಸಿಂಪಡಿಸಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು, ನೆರಳಲ್ಲಿ ಒಣಗಿಸಿ, ಮಡಿಕೆ ಮಡಿಕೆಗೂ ಎಣ್ಣೆ ಹಾಕಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಬಟ್ಟೆ ಹರಿಯುತ್ತದೆ. ಜುಲೈನಲ್ಲಿ ಅದು ಒಣಗಲಿಕ್ಕೇ ಎರಡು ದಿನ ಹಿಡಿಯಿತು.

ನನ್ನ ಮನಸ್ಸು ಬದಲಾಗಿದ್ದು ಕಳೆದ ಮಾರ್ಚ್‌ನಲ್ಲಿ. ಬಾಕ್ಸ್ ಬಿಚ್ಚಿ, ಫಿಲ್ಟರ್ ದಾಟಿ ಥ್ರಾಟಲ್ ಕಡೆ ಹೋಗುವ ಪೈಪಿನೊಳಗೆ ಬಿಳಿ ಪಂಚೆಯ ತುಂಡು ಹಾಕಿ ಒರೆಸಿದೆ. ಬಟ್ಟೆಯ ಮೇಲೆ ಕುಂಕುಮದಷ್ಟು ನುಣ್ಣನೆಯ ಕೆಂಪು ಹುಡಿ. ಫಿಲ್ಟರಿನ ಒಂದು ಮೂಲೆಯಲ್ಲಿ ಎಣ್ಣೆ ಆರಿಹೋಗಿತ್ತು. ಕಾಟನ್ ಫಿಲ್ಟರಿನಲ್ಲಿ ಧೂಳನ್ನು ಅಂಟಿಸಿಕೊಳ್ಳುವುದೇ ಎಣ್ಣೆ. ಅದು ಆರಿದ ಜಾಗದಲ್ಲಿ ನಮ್ಮೂರ ಮಣ್ಣು ನೇರ ಪಿಸ್ಟನ್ ರಿಂಗಿನವರೆಗೆ ಹೋಗುತ್ತದೆ.

ಈಗ ಕಂಪನಿಯ ಪೇಪರ್ ಫಿಲ್ಟರನ್ನೇ ಹಾಕಿದ್ದೇನೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ, ಮಳೆಗಾಲಕ್ಕೆ ಮೊದಲು ಹೊಸದು. ಪೂರ್ತಿ ಡಾಂಬರು ರಸ್ತೆಯಲ್ಲೇ ಓಡಾಡುವ ಕಾರವಾರದವರು, ಎಣ್ಣೆ ಹಾಕುವ ಶ್ರದ್ಧೆ ಇದ್ದರೆ, ಕಾಟನ್ ಹಾಕಿಸಿಕೊಳ್ಳಬಹುದು. ನನಗೆ ಘಟ್ಟದಲ್ಲಿ ನಿಜವಾಗಿ ಸಹಾಯವಾದದ್ದು ಹೊಸ ಸ್ಪಾರ್ಕ್ ಪ್ಲಗ್, ಸರಿಯಾದ ಟೈರ್ ಪ್ರೆಶರ್. ಇನ್ನು ದೇವಿಮನೆ ಏರು ಶುರುವಾಗುವಲ್ಲಿ ಎಸಿ ಬಂದ್ ಮಾಡಿ ಕಿಟಕಿ ಇಳಿಸುತ್ತೇನೆ.