ಬಝೈಟ್ ವಿಮರ್ಶೆ: ಕರೆಂಟ್ ಹೋಗುವ ಊರಿಗೊಂದು ಗೇಮಿಂಗ್ ಲಿನಕ್ಸ್

"ಅಣ್ಣಾ, ಇದ್ರಾಗ ವ್ಯಾಲೊರಂಟ್ ನಡೀತದೇನು?" ಕಲಬುರಗಿಯಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಓಎಸ್ ಆದ ಲಿನಕ್ಸ್ ಮಾತು ತೆಗೆದರೆ ಮೊದಲು ಬೀಳುವ ಪ್ರಶ್ನೆ ಇದೇ. ನಡೆಯಲ್ಲ. ಯಾವ ಉಪಾಯ ಮಾಡಿದರೂ ನಡೆಯಲ್ಲ. ಆ ಗೇಮ್‌ನಲ್ಲಿ ಮೋಸ ತಡೆಯುವ ಆಂಟಿ-ಚೀಟ್ ವ್ಯಾಂಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನ ಒಳಗೇ ಕೂತು ಕಾವಲು ಕಾಯುವಂಥದ್ದು. ಆ ಕರ್ನಲ್ಲೇ ಇಲ್ಲದ ಕಡೆ ಅದು ಏಳುವುದಿಲ್ಲ. ನಿಮ್ಮ ದಿನದ ಆಟ ಅದೊಂದೇ ಆಗಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಒಂದು ಮ್ಯಾಚ್ ಆಡಿ ಬನ್ನಿ, ನಮಗೇನೂ ಬೇಸರವಿಲ್ಲ.

ಉಳಿದವರು ಒಂದು ಹಾಳೆ ತಗೊಂಡು ಕಳೆದ ಮೂರು ತಿಂಗಳು ನಿಜವಾಗಿ ಆಡಿದ ಗೇಮ್‌ಗಳನ್ನಷ್ಟೇ ಬರೆಯಿರಿ. ಲೈಬ್ರರಿಯಲ್ಲಿ ಕೊಂಡು ಬಿದ್ದಿರುವುದೆಲ್ಲ ಬೇಡ. ಪಟ್ಟಿಯಲ್ಲಿ ಫೋರ್ಟ್‌ನೈಟ್, ಲೀಗ್ ಆಫ್ ಲೆಜೆಂಡ್ಸ್, ಬ್ಯಾಟಲ್‌ಫೀಲ್ಡ್ 6, ಹೊಸ ಕಾಲ್ ಆಫ್ ಡ್ಯೂಟಿ ಇದ್ದರೆ ಅವಕ್ಕೆ ವಿಂಡೋಸೇ ಬೇಕು. ಏಪೆಕ್ಸ್ ಲೆಜೆಂಡ್ಸ್ ಮೊದಲು ನಡೆಯುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಕಂಪನಿಯವರೇ ಬಾಗಿಲು ಹಾಕಿದರು. ಜಿಟಿಎ 5ರ ಸ್ಟೋರಿ ಮೋಡ್ ನಡೆಯುತ್ತದೆ. ಆನ್‌ಲೈನ್ 2024ರ ಸೆಪ್ಟೆಂಬರ್‌ನಿಂದ ಬಂದ್. ಎಮ್ಯುಲೇಟರ್ ಹಾಕಿಕೊಂಡು ಫ್ರೀ ಫೈರ್ ಆಡುವವರು ನಮ್ಮ ಕಡೆ ಭಾಳ ಮಂದಿ. ಬ್ಲೂಸ್ಟ್ಯಾಕ್ಸ್ ಆಗಲಿ ಗೇಮ್‌ಲೂಪ್ ಆಗಲಿ ಲಿನಕ್ಸ್‌ಗೆ ಬರುವುದೇ ಇಲ್ಲ, ಅವರೂ ಹಿಂದೆ ಸರಿಯಬೇಕು. ಕೌಂಟರ್-ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ಗೆಂದೇ ಬರುವ ಗೇಮ್‌ಗಳು. ಎಲ್ಡನ್ ರಿಂಗ್, ಮಾರ್ವೆಲ್ ರೈವಲ್ಸ್, ಸೈಬರ್‌ಪಂಕ್, ವಿಚರ್ 3 ಇವೆಲ್ಲ ಆರಾಮಾಗಿ ಓಡುತ್ತವೆ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡಕ್ಕೂ ಲಿನಕ್ಸ್ ಬೆಂಬಲ ಇದೆ, ಆದರೆ ಆ ಸ್ವಿಚ್ಚು ಗೇಮ್ ಮಾಡಿದವರ ಕೈಯಲ್ಲಿದೆ. ಅದಕ್ಕೇ ಒಂದೇ ಆಂಟಿ-ಚೀಟ್ ಇರುವ ಎರಡು ಗೇಮ್‌ಗಳಲ್ಲಿ ಒಂದು ನಡೆದು ಇನ್ನೊಂದು ನಡೆಯದೆ ಹೋಗುತ್ತದೆ. ಯಾವ ಗೇಮ್ ಲಿನಕ್ಸ್‌ನಲ್ಲಿ ಹೇಗೆ ನಡೆಯುತ್ತದೆಂದು ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಒಂದೊಂದೇ ಹೆಸರು ಹಾಕಿ ನೋಡಿ. ಪ್ಲಾಟಿನಮ್, ಗೋಲ್ಡ್ ಅಂದರೆ ನಿಶ್ಚಿಂತೆ. ಸಿಲ್ವರ್ ಅಂದರೆ ಸ್ವಲ್ಪ ಕಸರತ್ತು. ಬೋರ್ಕ್ಡ್ ಅಂದರೆ ಕೈ ಬಿಡಿ.

ಈಗ ಬಝೈಟ್ ವಿಷಯ. ಫೆಡೋರಾ ಎಂಬ ಲಿನಕ್ಸ್‌ನ ಬುನಾದಿಯ ಮೇಲೆ ಕಟ್ಟಿದ ಪುಕ್ಕಟೆ ಓಎಸ್ ಇದು. ಸ್ಟೀಮ್, ಗೇಮ್ ಲಾಂಚರ್ ಲೂಟ್ರಿಸ್, ಎನ್ವಿಡಿಯಾ ಡ್ರೈವರ್ ಎಲ್ಲ ಮೊದಲೇ ಕೂತಿರುತ್ತವೆ. ವಿಂಡೋಸ್ ಗೇಮ್ ಓಡಿಸುವ ಕೆಲಸ ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್‌ನದು. ಅದರೊಳಗಿನ ಡಿಎಕ್ಸ್‌ವಿಕೆ ಎಂಬ ಭಾಗ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್ 11ರವರೆಗಿನ ಮಾತನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಭಾಷೆಗೆ ತಿರುಗಿಸುತ್ತದೆ, ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಏಳನೇ ತಲೆಮಾರಿನ ಐ5 ಇಟ್ಟುಕೊಂಡವರನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪೇಟೆಯಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಪಿಸಿಗಳ ಕತೆ ಇದೇ.

ಮಿಂಟ್, ನೊಬಾರಾ, ಕ್ಯಾಶಿಓಎಸ್ ಎಂಬ ಬೇರೆ ಲಿನಕ್ಸ್‌ಗಳೂ ಇವೆ, ಕೆಟ್ಟವೇನಲ್ಲ. ಬಝೈಟನ್ನೇ ಆರಿಸಲು ಕಾರಣ ನಮ್ಮೂರ ಕರೆಂಟು. ಮಾಮೂಲಿ ಲಿನಕ್ಸ್‌ನಲ್ಲಿ ಅಪ್‌ಡೇಟ್ ಓಡುತ್ತಿರುವಾಗ ಲೈನ್ ಹೋದರೆ ಅರ್ಧ ಹಳೇ ಫೈಲ್, ಅರ್ಧ ಹೊಸ ಫೈಲ್ ಆಗಿ ಸಿಸ್ಟಮ್ ಏಳದೆ ಹೋಗಬಹುದು. ವಿಂಡೋಸ್‌ನಲ್ಲೂ "30 ಪರ್ಸೆಂಟ್ ಆಗಿದೆ, ಆಫ್ ಮಾಡಬೇಡಿ" ಎನ್ನುವ ಪರದೆಯ ಮುಂದೆ ಕೂತು ಫ್ಯಾನ್ ನಿಂತಾಗ ಎದೆ ಧಸಕ್ಕೆನ್ನುವುದು ಗೊತ್ತೇ ಇದೆ. ಬಝೈಟ್ ಓಡುತ್ತಿರುವ ಸಿಸ್ಟಮ್ಮನ್ನು ಮುಟ್ಟುವುದೇ ಇಲ್ಲ. ಹೊಸ ಇಮೇಜನ್ನು, ಅಂದರೆ ಇಡೀ ಸಿಸ್ಟಮ್ಮಿನ ಪ್ರತಿಯನ್ನು, ಪಕ್ಕದಲ್ಲಿ ಪೂರ್ತಿ ಜೋಡಿಸಿಟ್ಟು, ಮುಂದಿನ ಸಲ ರೀಸ್ಟಾರ್ಟ್ ಮಾಡಿದಾಗ ಅದರತ್ತ ಹೊರಳುತ್ತದೆ. ನಡುವೆ ಕರೆಂಟ್ ಹೋಯ್ತು ಅಂದ್ರ ಆ ಅರ್ಧಮರ್ಧ ಇಮೇಜ್ ಕಸಕ್ಕೆ, ಹಳೇದು ಹಾಗೇ ಬೂಟ್ ಆಗುತ್ತದೆ. ಅಪ್‌ಡೇಟ್ ಆದಮೇಲೆ ಗೇಮ್ ಕೆಟ್ಟರೂ ಅಷ್ಟೇ: ಬೂಟ್ ಮೆನುವಿನಲ್ಲಿ ಎರಡನೇ ಸಾಲು ಆರಿಸಿದರೆ ನಿನ್ನೆಯ ಸಿಸ್ಟಮ್ ಎದುರಿಗಿರುತ್ತದೆ. ಇದಿಷ್ಟು ಇದ್ದರೂ ಗೇಮ್ ಸೇವ್ ಆಗುವ ಕ್ಷಣಕ್ಕೇ ಲೈನ್ ಹೋದರೆ ಆ ಸೇವ್ ಹೋದಂತೆಯೇ. 600 ವಿಎ ಯುಪಿಎಸ್ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಓಡುವಾಗ ಅದು ಕೊಡುವುದು ಕೆಲವೇ ನಿಮಿಷ, ಸೇವ್ ಮಾಡಿ ಶಟ್‌ಡೌನ್ ಒತ್ತಲು ಸಾಕು.

ಈ ಸೌಲಭ್ಯಕ್ಕೆ ತೆರುವ ಬೆಲೆ ಡೇಟಾ. ಅಪ್‌ಡೇಟ್‌ಗಳು ದೊಡ್ಡವು, ಕೆಲವು ಸಲ ಒಂದೇ ಏಟಿಗೆ ಹಲವು ಜಿಬಿ. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್ ನಂಬಿದವರು ತಂತಾನೇ ಆಗುವ ಅಪ್‌ಡೇಟ್ ನಿಲ್ಲಿಸಿಟ್ಟು, ಫೈಬರ್ ಸಿಕ್ಕ ದಿನ ಸಿಸ್ಟಮ್ ಅಪ್‌ಡೇಟ್ ಐಕಾನ್ ಒತ್ತಿಕೊಳ್ಳಬೇಕು.

ಕಾರ್ಡ್ ಯಾವುದು ಎಂಬುದು ಅರ್ಧ ಫಲಿತಾಂಶ ನಿರ್ಧರಿಸುತ್ತದೆ. ಎಎಂಡಿ ಇದ್ದರೆ ಚಿಂತೆಯಿಲ್ಲ. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕೂಡ ಇಲ್ಲಿ ಒಳ್ಳೇ ಮರ್ಯಾದೆಯಿಂದ ಓಡುತ್ತದೆ. ಎನ್ವಿಡಿಯಾದಲ್ಲಿ ಜಿಟಿಎಕ್ಸ್ 1650ರಿಂದ ಮೇಲಿನವಕ್ಕೆ ಒಂದು ಇಮೇಜ್, 1050 ಟಿಐ, 1060ರಂಥ ಹಳೆಯವಕ್ಕೆ ಬೇರೆ ಇಮೇಜ್; ಆ ಹಳೆಯವಕ್ಕೆ 580ನೇ ಸರಣಿಯ ಡ್ರೈವರ್ರೇ ಕೊನೆ. ಡೈರೆಕ್ಟ್‌ಎಕ್ಸ್ 12 ಗೇಮ್‌ಗಳಲ್ಲಿ ಎನ್ವಿಡಿಯಾ ವಿಂಡೋಸ್‌ಗಿಂತ ಕಣ್ಣಿಗೆ ಕಾಣುವಷ್ಟು ಹಿಂದೆ ಬೀಳುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜಿಟಿ 710, ಜಿಟಿ 730 ಹಾಕಿಕೊಂಡವರು ಬರಲೇಬೇಡಿ: ಡಿಎಕ್ಸ್‌ವಿಕೆ 2ನೇ ಆವೃತ್ತಿಗೆ ವಲ್ಕನ್ 1.3 ಬೇಕು, ಆ ಕಾರ್ಡ್‌ಗಳಿಗೆ ಅದು ಸಿಗುವುದಿಲ್ಲ.

ಹಾಕುವ ಕ್ರಮ. ವಿಂಡೋಸನ್ನು ಅಳಿಸಬೇಡಿ, 500 ಜಿಬಿಯ ಇನ್ನೊಂದು ಎಸ್‌ಎಸ್‌ಡಿ ಕೊಂಡು ಅದಕ್ಕೆ ಹಾಕಿ. ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ತುರುಕಿದರೆ ವಿಂಡೋಸ್ ಅಪ್‌ಡೇಟ್ ಒಂದಿನ ಬೂಟ್ ಭಾಗವನ್ನು ತನ್ನದಾಗಿಸಿಕೊಳ್ಳುತ್ತದೆ. ಮೊದಲು ವಿಂಡೋಸ್ ಒಳಗೆ ಮೂರು ಕೆಲಸ ಮುಗಿಸಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದಕ್ಕೆ ಇಳಿಸಿಕೊಳ್ಳಿ, ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಮುಟ್ಟಿದ ಕೂಡಲೇ ಅದು ಕೇಳಬಹುದು. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಆಮೇಲೆ ಫೆಡೋರಾ ಮೀಡಿಯಾ ರೈಟರ್‌ನಿಂದ 16 ಜಿಬಿ ಪೆನ್‌ಡ್ರೈವ್‌ಗೆ ಬಝೈಟ್‌ನ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಬರೆಯಿರಿ. ಅದರಲ್ಲಿದ್ದ ಫೋಟೊ, ಹಾಡು ಎಲ್ಲ ಅಳಿಸಿಹೋಗುತ್ತವೆ. ಐಎಸ್‌ಒ ಇಳಿಸುವಾಗ ತಾಣ ಯಾವ ಡೆಸ್ಕ್‌ಟಾಪ್ ಎಂದು ಕೇಳಿದರೆ ಕೆಡಿಇ ಆರಿಸಿ, ಅದು ವಿಂಡೋಸ್ ಬಳಸಿದ ಕೈಗೆ ಒಗ್ಗುತ್ತದೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಲ್ಯಾಪ್‌ಟಾಪ್‌ನಲ್ಲಿ ಅದಾಗದಿದ್ದರೆ ಗಾತ್ರ ನೋಡಿ, ಎರಡು ಸಲ ನೋಡಿ, ಡಿಸ್ಕ್ ಆರಿಸಿ. ಎಸ್‌ಎಸ್‌ಡಿ ಕಾಣಲೇ ಇಲ್ಲ ಅಂದರೆ ಬಯಾಸ್‌ನಲ್ಲಿ ಸ್ಟೋರೇಜ್ ರೇಡ್ ಅಥವಾ ಆರ್‌ಎಸ್‌ಟಿ ಮೋಡ್‌ನಲ್ಲಿರಬಹುದು, ಎಎಚ್‌ಸಿಐಗೆ ಬದಲಿಸಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಇಲ್ಲಿ ಎಚ್ಚರವಾಗಿರಿ: ಹಾಗೇ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ, ಅದಕ್ಕೆ ಮೊದಲು ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಹೇಳಿಟ್ಟು ಬದಲಿಸಬೇಕು.

ಹೆಚ್ಚಿನವರು ಎಡವುವುದು ಮೊದಲ ರೀಸ್ಟಾರ್ಟ್‌ನಲ್ಲಿ. ಸಹಿ ಇಲ್ಲದ ಸಿಸ್ಟಮ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಬಯಾಸ್‌ನಲ್ಲಿ ಆನ್ ಇದ್ದರೆ ನೀಲಿ ಪರದೆಯೊಂದು ಬಂದು ಯಾವುದಾದರೂ ಕೀ ಒತ್ತಲು ಹತ್ತೇ ಸೆಕೆಂಡ್ ಕೊಡುತ್ತದೆ. ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ, ಕಂಟಿನ್ಯೂ, ಯೆಸ್ ಎನ್ನಿ. ಅದು ಕೇಳುವ ಪಾಸ್‌ವರ್ಡ್ ನಿಮ್ಮದಲ್ಲ: ಯೂನಿವರ್ಸಲ್‌ಬ್ಲೂ (universalblue), ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಜಾಗವಿಲ್ಲ. ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಚಹಾ ತರಲು ಹೋಗಿ ಆ ಹತ್ತು ಸೆಕೆಂಡ್ ತಪ್ಪಿಸಿಕೊಂಡರೆ 'ಬ್ಯಾಡ್ ಶಿಮ್ ಸಿಗ್ನೇಚರ್' ಎಂಬ ಸಾಲು ಬಂದು ಸಿಸ್ಟಮ್ ನಿಂತುಬಿಡುತ್ತದೆ. ಏನೂ ಕೆಟ್ಟಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ತೆಗೆದು ಒಳಗೆ ಬನ್ನಿ, ಟರ್ಮಿನಲ್‌ನಲ್ಲಿ ಬಝೈಟ್‌ನ ಸಿದ್ಧ ಆಜ್ಞೆಗಳಾದ ಯುಜಸ್ಟ್ ಪಟ್ಟಿಯಲ್ಲಿರುವ ಸೆಕ್ಯೂರ್ ಬೂಟ್ ಕೀ ಆಜ್ಞೆ ಓಡಿಸಿ ರೀಸ್ಟಾರ್ಟ್ ಮಾಡಿ, ಈ ಸಲ ಕೀಬೋರ್ಡ್ ಮುಂದೆಯೇ ಕೂತಿರಿ. ಕೆಲಸ ಆದಮೇಲೆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ, ಆ ಕಡೆಯ ವಿಂಡೋಸ್‌ನಲ್ಲಿ ಬ್ಯಾಟಲ್‌ಫೀಲ್ಡ್ 6ಕ್ಕೆ ಅದು ಬೇಕೇ ಬೇಕು.

ಗೇಮ್‌ಗಳನ್ನು ಮತ್ತೆ ಡೌನ್‌ಲೋಡ್ ಮಾಡುವ ಹುಚ್ಚು ಬೇಡ. ಹಾಗಂತ ವಿಂಡೋಸ್ ಡ್ರೈವ್‌ನಿಂದ ನೇರ ಆಡಲೂ ಹೋಗಬೇಡಿ. ಪ್ರೋಟಾನ್ ಪ್ರತಿ ಗೇಮ್‌ಗೂ ಮಾಡಿಕೊಳ್ಳುವ ಫೋಲ್ಡರ್‌ನಲ್ಲಿ ಸಿ ಡ್ರೈವ್‌ನ ಹೆಸರು ಕೋಲನ್ ಸಮೇತ ಇರುತ್ತದೆ, ವಿಂಡೋಸ್ ಡ್ರೈವ್ ಬಳಸುವ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಗೆ ಆ ಚಿಹ್ನೆ ಒಗ್ಗದು. ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿದಂತೆ ಮಾಡಿ ಸುಮ್ಮನಾಗುತ್ತದೆ. ಹೊಸ ಡಿಸ್ಕ್‌ಗೆ ಕಾಪಿ ಮಾಡುವುದೇ ದಾರಿ. ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರ್‌ನಿಂದ ಗೇಮ್‌ನ ಫೋಲ್ಡರ್ ಎತ್ತಿ ಲಿನಕ್ಸ್ ಕಡೆಯ ಅದೇ ಜಾಗಕ್ಕೆ ಹಾಕಿ. ಆ ಜಾಗ ಅಡಗಿರುತ್ತದೆ, ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತದೆ. ಹೆಸರಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಇದ್ದಂತೆಯೇ ಇರಲಿ, ಲಿನಕ್ಸ್‌ಗೆ ಅವೆರಡೂ ಬೇರೆ. ನಂತರ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿದರೆ ಇದ್ದ ಫೈಲ್ ಲೆಕ್ಕ ಹಾಕಿ ಕೊರತೆಯಷ್ಟನ್ನೇ ಇಳಿಸಿಕೊಳ್ಳುತ್ತದೆ. ಕೌಂಟರ್-ಸ್ಟ್ರೈಕ್‌ನಂಥ ಸ್ವಂತ ಲಿನಕ್ಸ್ ಆವೃತ್ತಿ ಇರುವವು ಮಾತ್ರ ಒಂದಷ್ಟು ಹೊಸದಾಗಿ ಕೇಳುತ್ತವೆ. ಕ್ಲೌಡ್ ಸೇವ್ ಇಲ್ಲದ ಗೇಮ್‌ನ ಸೇವ್ ಫೈಲ್ ಡಾಕ್ಯುಮೆಂಟ್ಸ್‌ನಲ್ಲೋ ಆ್ಯಪ್‌ಡೇಟಾದಲ್ಲೋ ಇರುತ್ತದೆ, ಅದನ್ನು ಮರೆತವರೇ ಆಮೇಲೆ ಅಳುವವರು. ಎಪಿಕ್, ಜಿಒಜಿ ಗೇಮ್‌ಗಳಿಗೆ ಹೀರೋಯಿಕ್ ಲಾಂಚರ್ ಹಾಕಿಕೊಳ್ಳಿ.

ಮೊದಲ ಸಲ ಪ್ಲೇ ಒತ್ತಿದಾಗ 'ವಲ್ಕನ್ ಶೇಡರ್ಸ್' ಎಂದು ಬರುವ ಪಟ್ಟಿಯನ್ನು ಸ್ಕಿಪ್ ಮಾಡಬೇಡಿ. ನಾಲ್ಕು ಕೋರ್ ಪ್ರೊಸೆಸರ್‌ನಲ್ಲಿ ಇದು ತಾಳ್ಮೆ ಕೆಡಿಸುವಷ್ಟು ಹೊತ್ತು ಹಿಡಿಯುತ್ತದೆ, ಆದರೆ ಸ್ಕಿಪ್ ಮಾಡಿದರೆ ಆಟದ ನಡುವೆ ತಡವರಿಸುತ್ತದೆ. ಕಟ್‌ಸೀನ್ ಬದಲು ಬಣ್ಣದ ಪಟ್ಟಿಗಳು ಬಂದರೆ ಅದು ವಿಡಿಯೊ ಕೋಡೆಕ್ ಸಮಸ್ಯೆ: ಪ್ರೋಟಾನ್‌ಅಪ್ ಎಂಬ ಸಾಧನದಿಂದ ಪ್ರೋಟಾನ್‌ನ ಇನ್ನೊಂದು ಆವೃತ್ತಿಯಾದ ಜಿಇ-ಪ್ರೋಟಾನ್ ಇಳಿಸಿ, ಗೇಮ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಅದನ್ನು ಆರಿಸಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಪರೀಕ್ಷೆ. ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುವ ಊರಿದು. ಲ್ಯಾಪ್‌ಟಾಪ್ ಕಂಪನಿಯವರ ಸ್ವಂತ ಫ್ಯಾನ್ ಆ್ಯಪ್ ಇಲ್ಲಿ ಸಿಗುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಹದ ಮಾಡುವ ಎಂಎಸ್‌ಐ ಆಫ್ಟರ್‌ಬರ್ನರ್ ಕೂಡ ಇಲ್ಲ. ಅದರ ಜಾಗಕ್ಕೆ ಲ್ಯಾಕ್ಟ್ ಎಂಬ ಪ್ರೋಗ್ರಾಮ್ ಇದೆ, ಕಾರ್ಡ್ ಎಳೆಯುವ ವ್ಯಾಟ್ ಮಿತಿ ಇಳಿಸಬಹುದು. ಅದಕ್ಕಿಂತ ಸುಲಭ, ಆಟದ ಲೆಕ್ಕ ಪರದೆಯ ಮೇಲೆ ತೋರಿಸುವ ಮ್ಯಾಂಗೋಹಡ್‌ನಿಂದ ಫ್ರೇಮ್ ಸೆಕೆಂಡಿಗೆ 60ಕ್ಕೆ ಕಟ್ಟಿಹಾಕುವುದು. ಗೇಮ್‌ನ ಲಾಂಚ್ ಆಪ್ಷನ್‌ನಲ್ಲಿ ಮ್ಯಾಂಗೋಹಡ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ಕಮಾಂಡ್ ಪದ ಹಾಕಿದರೆ ಮೂಲೆಯಲ್ಲಿ ಫ್ರೇಮ್, ಶಾಖ, ಕಾರ್ಡ್‌ನ ಲೆಕ್ಕ ಕಾಣುತ್ತದೆ. ಶಹಾಬಾದ್ ಕಡೆಯವರಿಗೆ ಫರಸಿ ಧೂಳಿನ ಮಾತು ಬೇರೆ ಹೇಳಬೇಕಿಲ್ಲ. ಫ್ಯಾನ್ ಕಟ್ಟಿಕೊಂಡಿದ್ದರೆ ಯಾವ ಓಎಸ್ಸೂ ಏನೂ ಮಾಡಲಾರದು.

ಅಗ್ಗದ ವೈಫೈ ಡಾಂಗಲ್‌ಗಳೇ ಇದರ ದೊಡ್ಡ ತಲೆನೋವು. ಕೆಲವು ಚುಚ್ಚಿದ ಕೂಡಲೇ ಡ್ರೈವರ್ ತುಂಬಿದ ಸಿಡಿಯಂತೆ ಕಾಣಿಸಿಕೊಂಡು ವೈಫೈ ಆಗಲು ಒಪ್ಪುವುದೇ ಇಲ್ಲ. ಬೇರೆ ಲಿನಕ್ಸ್‌ನಲ್ಲಿ ಡ್ರೈವರ್ ಕಟ್ಟಿ ಹಾಕಬಹುದಿತ್ತು. ಬಝೈಟ್‌ನಲ್ಲಿ ಸಿಸ್ಟಮ್ ಭಾಗ ಬೀಗ ಹಾಕಿಟ್ಟಂತಿರುವುದರಿಂದ ಅದು ರಗಳೆ. ಲ್ಯಾನ್ ವೈರ್ ಎಳೆಯಿರಿ, ಅಥವಾ ಆ ಹೊತ್ತಿಗೆ ಫೋನ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿ. ಅದು ಚುಚ್ಚಿದ ತಕ್ಷಣ ನಡೆಯುತ್ತದೆ.

ಮನೆಯವರೂ ಅದೇ ಪಿಸಿಯಲ್ಲಿ ಅರ್ಜಿ, ಪತ್ರ ಟೈಪ್ ಮಾಡುತ್ತಾರೆಂದರೆ ಒಂದು ಮಾತು. ನುಡಿ ತಂತ್ರಾಂಶ ವಿಂಡೋಸಿನದು. ಅದೇ ಕೀಲಿ ವಿನ್ಯಾಸ ಇಲ್ಲಿ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ಯೂನಿಕೋಡ್ ಟೈಪಿಂಗ್‌ಗೆ ತೊಂದರೆಯಿಲ್ಲ. ಹಳೇ ನುಡಿ ಫಾಂಟಿನ ಫೈಲ್‌ಗಳು ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆ ಕೆಲಸಕ್ಕೆ ವಿಂಡೋಸ್ ಡಿಸ್ಕ್ ಇದ್ದೇ ಇದೆಯಲ್ಲ.

ಎರಡೂ ಇಟ್ಟುಕೊಂಡವರಿಗೆ ಮೊದಲ ವಾರದಲ್ಲೇ ಎದುರಾಗುವುದು ಗಡಿಯಾರ. ಲಿನಕ್ಸ್ ಮದರ್‌ಬೋರ್ಡ್‌ನಲ್ಲಿ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದಿ ಸರಿಯಾಗಿ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಸೆಲ್ ಮುಗಿದಿದೆ ಅಂದುಕೊಂಡು ಅಂಗಡಿಗೆ ಓಡಬೇಡಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಲೋಕಲ್ ಆರ್‌ಟಿಸಿಯನ್ನು (ಮದರ್‌ಬೋರ್ಡ್ ಗಡಿಯಾರ) 1 ಮಾಡಿ (timedatectl set-local-rtc 1), ವಿಂಡೋಸ್‌ಗೆ ಬಂದು ಒಂದು ಸಲ 'ಸಿಂಕ್ ನೌ' ಒತ್ತಿ.